ಶಸ್ತ್ರವೈದ್ಯನ ಹೆಗಲಿನಾಚೆ

ಲಂಡನ್ ನಗರದಲ್ಲಿ, ಥೇಮ್ಸ್ ನದಿಯ ದಕ್ಷಿಣಕ್ಕೆ, ಸಂತ ಥಾಮಸನ ಹೆಸರಿನ ಹಳೆಯ ಇಗರ್ಜಿಯೊಂದರ ಅಟ್ಟದಲ್ಲಿ, 1822ರಲ್ಲಿ ನಿರ್ಮಿತವಾದ ಶಸ್ತ್ರಚಿಕಿತ್ಸೆಯ ರಂಗಶಾಲೆಯೊಂದು ಇಂದಿಗೂ ಉಳಿದುಬಂದಿದೆ. ನಡುವೆ ಮರದ ಮೇಜು. ಅದರ ಕೆಳಗೆ, ಸೋರುವ ರಕ್ತವನ್ನು ಹೀರಲೆಂದು ಮರದ ಹೊಟ್ಟು ತುಂಬಿದ ಪೆಟ್ಟಿಗೆ. ಮೇಲೆ, ಹಗಲಿನ ಬೆಳಕಿಗಾಗಿ ಗಾಜಿನ ಮಾಡು. ಸುತ್ತಲೂ ಕುದುರೆಲಾಳದ ಆಕಾರದಲ್ಲಿ ಒಂದರ ಹಿಂದೊಂದು ಏರುತ್ತ ಹೋಗುವ, ಕೂರಲು ಆಸನವಿಲ್ಲದೆ ಒರಗಿ ನಿಲ್ಲಲು ಮಾತ್ರ ಕಟಕಟೆಯಿರುವ ಪಾವಟಿಗೆಗಳು. ಅಲ್ಲಿನ ಶಸ್ತ್ರವೈದ್ಯನಾಗಿದ್ದ ಜಾನ್ ಫ್ಲಿಂಟ್ ಸೌತ್ ತನ್ನ ಸ್ಮರಣೆಗಳಲ್ಲಿ ಬರೆದಿರುವ ಪ್ರಕಾರ, ಶಸ್ತ್ರಚಿಕಿತ್ಸೆಯ ದಿನ ಈ ಪಾವಟಿಗೆಗಳ ಮೇಲೆ ಉಸಿರಾಡಲು ಎಡೆಯಿಲ್ಲದಂತೆ ಒತ್ತರಿಸಿ ನಿಂತಿರುತ್ತಿದ್ದ ವಿದ್ಯಾರ್ಥಿಗಳು, ಮೇಜಿನ ಸುತ್ತ ನಿಂತವರ ತಲೆಗಳು ನೋಟಕ್ಕೆ ಅಡ್ಡ ಬಂದಾಗಲೆಲ್ಲ, ತಲೆ ತಗ್ಗಿಸಿರೆಂದು ಮೇಲಿನಿಂದ ಕೂಗುತ್ತಿದ್ದರಂತೆ.

ವೈದ್ಯವಿದ್ಯೆಯ ಒಂದು ಪುರಾತನ ಸಂಕಟವೇ ಆ ಕೂಗಿನಲ್ಲಿ ಬಾಯಿಬಿಟ್ಟಿದೆ ಎನ್ನಬಹುದು. ಗಾಯವು ಅಂಗೈಯಗಲದ್ದು, ಅದರ ಮೇಲೆ ಬಾಗಿ ನಿಂತವನ ಹೆಗಲು ಅದಕ್ಕಿಂತ ಅಗಲವಾದುದು, ಹೀಗಾಗಿ ಕಲಿಸಬೇಕಾದವನ ದೇಹವೇ ಕಲಿಯಬೇಕಾದವನ ಕಣ್ಣಿಗೆ ಮರೆ. ಅರಿವಳಿಕೆಯೆಂಬುದು ಇನ್ನೂ ಹುಟ್ಟದಿದ್ದ ಆ ದಿನಗಳಲ್ಲಿ, ರೋಗಿಯ ಯಾತನೆಯನ್ನು ತಗ್ಗಿಸಲು ಶಸ್ತ್ರವೈದ್ಯನಿಗಿದ್ದ ಉಪಾಯ ವೇಗವೊಂದೇ ಆಗಿದ್ದುದರಿಂದ, ಕಾಲು ಕತ್ತರಿಸುವಂಥ ಘೋರಕಾರ್ಯವೂ ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತಿದ್ದು, ಹಿಂದಿನ ಸಾಲಿನವನು ಕತ್ತು ನೀಡಿ ಒಂದು ಸಂದು ಹುಡುಕಿಕೊಳ್ಳುವ ವೇಳೆಗೆ ಗಾಯಕ್ಕೆ ಬಟ್ಟೆ ಸುತ್ತಿಯಾಗಿರುತ್ತಿತ್ತು. 1846ರ ಅಕ್ಟೋಬರ್ 16ರಂದು ಬಾಸ್ಟನ್ ನಗರದ ಆಸ್ಪತ್ರೆಯಲ್ಲಿ ವಿಲಿಯಂ ಮಾರ್ಟನ್ ಈಥರಿನ ಅರಿವಳಿಕೆಯ ಗುಣವನ್ನು ಬಹಿರಂಗವಾಗಿ ತೋರಿಸಿದ ಮೇಲೆ ವೇಗದ ಹಂಗು ತಪ್ಪಿ, ಸಾವಧಾನವಾಗಿ ಬಿಡಿಸಿ ತೋರಿಸುವ ಕಾಲವೇನೋ ಬಂದಿತು. ಆದರೆ 1867ರಲ್ಲಿ ಜೋಸೆಫ್ ಲಿಸ್ಟರನು ಗಾಯ ಕೀವಾಗುವುದರ ಕಾರಣವನ್ನೂ ಅದನ್ನು ತಡೆಯುವ ಬಗೆಯನ್ನೂ ಪ್ರಕಟಿಸಿದ ತರುವಾಯ, ಕ್ರಮಕ್ರಮವಾಗಿ ನಿರ್ಜಂತುಕತೆಯ ನಿಯಮಗಳು ನೆಲೆಗೊಂಡಂತೆಲ್ಲ, ಹೊರಗಿನ ಧೂಳನ್ನು ಹೊತ್ತು ಬರುವ ಪ್ರೇಕ್ಷಕನು ಮೇಜಿನಿಂದ ದೂರ ದೂರ ಸರಿಯಬೇಕಾಯಿತು. ಕೊನೆಗೆ ಕೆಲವೆಡೆ ಗಾಜಿನ ಗೋಡೆಯ ಹಿಂದೆ ನಿಂತ. ನಿಧಾನವಾಗಿ ನೋಡತಕ್ಕದ್ದು ಏನಾದರೂ ಇದೆ ಎಂಬ ಸ್ಥಿತಿ ಬಂದ ಹೊತ್ತಿಗೇ ನೋಟಕ್ಕೆ ಅವಕಾಶ ತಪ್ಪಿದ ಈ ವಿಪರ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ, ಚಲಚ್ಚಿತ್ರವೆಂಬ ಹೊಸ ಕೌತುಕ ಹುಟ್ಟಿದೊಡನೆಯೇ ಶಸ್ತ್ರವೈದ್ಯರಲ್ಲಿ ಕೆಲವರು ಅದಕ್ಕೆ ಏಕೆ ಕೈ ಚಾಚಿದರೆಂಬುದು ತಿಳಿಯುತ್ತದೆ.

ಲ್ಯುಮಿಯೇರ್ ಸೋದರರು ಪ್ಯಾರಿಸಿನಲ್ಲಿ ಹಣ ತೆತ್ತು ಬಂದ ಸಾರ್ವಜನಿಕರಿಗೆ ತಮ್ಮ ಚಿತ್ರಗಳನ್ನು ತೋರಿಸಿದುದು 1895ರ ಡಿಸೆಂಬರ್ 28ರಂದು. ಇದಾಗಿ ಮೂರು ವರ್ಷ ತುಂಬುವುದರೊಳಗಾಗಿ, ಅದೇ ನಗರದ ಶಸ್ತ್ರವೈದ್ಯ ಯುಜೀನ್ ಲೂಯಿ ದ್ವಾಯೆನ್ ತನ್ನ ಶಸ್ತ್ರಕ್ರಿಯೆಗಳನ್ನು ಚಿತ್ರೀಕರಿಸಿ, 1898ರ ಜುಲೈನಲ್ಲಿ ಎಡಿನ್‌ಬರೋದಲ್ಲಿ ಸೇರಿದ್ದ ಬ್ರಿಟಿಷ್ ವೈದ್ಯಸಂಘದ ಸಭೆಯಲ್ಲಿ ಪ್ರದರ್ಶಿಸಿದನು. ಸ್ವದೇಶದ ವೈದ್ಯಪಂಡಿತರು ಅವನನ್ನು ಆದರದಿಂದ ಕಂಡವರಲ್ಲ. ಆತನೂ ವಿನಯಕ್ಕೆ ಹೆಸರಾದವನಲ್ಲ; ಸ್ವಂತ ಆಸ್ಪತ್ರೆ, ಸ್ವಂತ ಸಂಪತ್ತು, ತಾನೇ ರೂಪಿಸಿದ ಉಪಕರಣಗಳು, ಜೊತೆಗೆ ಪ್ರಸಿದ್ಧಿಯ ದಾಹ, ಇವೆಲ್ಲ ಕೂಡಿದ ವ್ಯಕ್ತಿ. ಆದರೆ ತನ್ನ ಚಿತ್ರಗಳ ವಿಷಯವಾಗಿ ಆತ ಹೇಳಿಕೊಂಡ ಒಂದು ಮಾತು ಅವನ ಅಹಂಕಾರಕ್ಕೆ ಹೊಂದುವಂತಿಲ್ಲ: ತನ್ನ ಶಸ್ತ್ರಕ್ರಿಯೆಯನ್ನು ತೆರೆಯ ಮೇಲೆ ಮೊದಲ ಸಲ ಕಂಡಾಗ, ತಾನು ತನ್ನನ್ನೇ ಎಷ್ಟು ಅರಿಯದೆ ಇದ್ದೆನೆಂಬುದು ಗೊತ್ತಾಯಿತೆಂದೂ, ಅಲ್ಲಿಯವರೆಗೆ ಸಮರ್ಪಕವೆಂದು ನಂಬಿದ್ದ ಎಷ್ಟೋ ಸೂಕ್ಷ್ಮಗಳು ದೋಷಯುಕ್ತವಾಗಿ ತೋರಿದುವೆಂದೂ ಆತ ಒಪ್ಪಿಕೊಂಡನು. ಬೋಧನೆಯ ಚಿತ್ರದ ಮೊದಲ ಶಿಷ್ಯನು ಗುರುವೇ ಆದುದು ನನಗೆ ಈ ಚರಿತ್ರೆಯಲ್ಲಿ ಅತ್ಯಂತ ರುಚಿಸುವ ಸಂಗತಿ. ಕೈಗೆ ತನ್ನ ಚಲನೆ ಕಾಣುವುದಿಲ್ಲ. ಕನ್ನಡಿಯ ಮುಂದೆ ಶಸ್ತ್ರಚಿಕಿತ್ಸೆ ಮಾಡುವುದು ವಾಡಿಕೆಯಲ್ಲ.

ಆ ಕಾಲದ ಚಿತ್ರಗಳಲ್ಲಿ ಏನೇನು ಕಾಣುತ್ತಿತ್ತು, ಏನು ಕಾಣುತ್ತಿರಲಿಲ್ಲ ಎಂಬುದನ್ನೂ ವಿಚಾರಿಸಬೇಕು. ಅಂದಿನ ಫಿಲ್ಮಿಗೆ ಕೆಂಪು ಬಣ್ಣದ ಸಂವೇದನೆಯೇ ಇರಲಿಲ್ಲವಾದುದರಿಂದ, ರಕ್ತವೆಲ್ಲ ಕಪ್ಪಾಗಿ ಬಿದ್ದು, ಗಾಯದ ಆಳ ಯಾವುದು, ನೆರಳು ಯಾವುದು, ಹರಿಯುವ ನೆತ್ತರು ಯಾವುದು ಎಂಬ ಭೇದವೇ ಅಳಿಸಿಹೋಗುತ್ತಿತ್ತು, ಧ್ವನಿಯಿಲ್ಲ, ಬೆಳಕಿಗೆ ಸೂರ್ಯನೋ ಉರಿಯುವ ದೀಪಗಳೋ ಬೇಕು, ಅದರ ಮೇಲೆ, ನೈಟ್ರೇಟಿನಿಂದ ಮಾಡಿದ ಆ ಫಿಲ್ಮು ಕಿಡಿ ತಾಗಿದರೆ ಭಗ್ಗನೆ ಹತ್ತಿಕೊಳ್ಳತಕ್ಕದ್ದು, ರೋಗಿಯ ಮೂಗಿನ ಬಳಿಯ ಈಥರಿನ ಆವಿಯೂ ಅದೇ ಜಾತಿಯದು. ಇಂಥ ಎರಡು ಅಗ್ನಿಪ್ರಿಯ ವಸ್ತುಗಳನ್ನು ಒಂದೇ ಕೋಣೆಯಲ್ಲಿ ಕೂಡಿಸಿ ಕೆಲಸ ಮಾಡಿದವರ ಧೈರ್ಯವನ್ನು ಮೆಚ್ಚಬೇಕೊ, ಆ ಮೇಜಿನ ಮೇಲೆ ಪ್ರಜ್ಞೆಯಿಲ್ಲದೆ ಮಲಗಿದವರ ಅದೃಷ್ಟವನ್ನು ಮೆಚ್ಚಬೇಕೊ, ಹೇಳುವುದು ಕಷ್ಟ.

ದ್ವಾಯೆನನ ಚಿತ್ರಗಳಲ್ಲಿ ಲೋಕಪ್ರಸಿದ್ಧವಾದುದರ ಕಥೆ ನಮ್ಮ ದೇಶದೊಡನೆ ಹೆಣೆದುಕೊಂಡಿದೆ. ಎದೆಯ ಭಾಗದಲ್ಲಿ ಒಬ್ಬರಿಗೊಬ್ಬರು ಅಂಟಿಕೊಂಡು ಒರಿಸ್ಸಾ ಪ್ರಾಂತದಲ್ಲಿ ಹುಟ್ಟಿದ ಇಬ್ಬರು ಅವಳಿ ಹೆಣ್ಣುಮಕ್ಕಳು, ಯುರೋಪಿನ ಪತ್ರಿಕೆಗಳು ರಾಡಿಕಾ, ದೂಡಿಕಾ ಎಂದು ಕರೆದವರು, ಶಿಶುಗಳಾಗಿದ್ದಾಗಲೇ ಪ್ರದರ್ಶಕರ ಕೈಸೇರಿ, ಊರೂರು ಸುತ್ತಿ, ಬಾರ್ನಂ ಮತ್ತು ಬೇಯ್ಲಿ ಎಂಬ ಅಮೆರಿಕದ ದೊಡ್ಡ ಸರ್ಕಸ್ಸಿನ ಜೊತೆಯಲ್ಲಿ ಪ್ಯಾರಿಸಿಗೆ ಬಂದಿದ್ದರು. ದೂಡಿಕಾಳಿಗೆ ಕ್ಷಯರೋಗ ಬಲವಾಗಿ, ಒಬ್ಬಳ ಮರಣ ಇನ್ನೊಬ್ಬಳನ್ನೂ ಎಳೆದೊಯ್ಯುವ ಭಯ ಬಂದಾಗ, 1902ರ ಫೆಬ್ರವರಿ 9ರಂದು ದ್ವಾಯೆನ್ ಅವರನ್ನು ಬೇರ್ಪಡಿಸಿದನು. ಮೇಜಿನ ಬಳಿ ಕ್ಯಾಮೆರಾ ತಿರುಗುತ್ತಿತ್ತು. ದೂಡಿಕಾ ಕೆಲವೇ ದಿನಗಳಲ್ಲಿ ತೀರಿಕೊಂಡಳು. ರಾಡಿಕಾ ಮರುವರ್ಷದವರೆಗೆ ಬದುಕಿದಳು. ಚಿತ್ರಕ್ಕೆ ಮಾತ್ರ ಆಯುಸ್ಸು ಹೆಚ್ಚು. ಚಿತ್ರ ತೆಗೆದವರಲ್ಲಿ ಒಬ್ಬನಾದ ಪಾರ್ನಲಾಂಡ್ ಎಂಬಾತನು ಪ್ರತಿಗಳನ್ನು ತನ್ನಷ್ಟಕ್ಕೆ ತಾನು ಮಾರಿದುದರಿಂದ, ವಿದ್ವತ್ಸಭೆಗಾಗಿ ಹುಟ್ಟಿದ ಆ ಸುರುಳಿಗಳು ಸಂತೆ ಜಾತ್ರೆಗಳ ಡೇರೆಗಳಲ್ಲಿ ಬಿಡಿಕಾಸಿಗೆ ತೋರುವ ವಿನೋದವಾದುವು. ಸರ್ಕಸ್ಸಿನ ಡೇರೆಯಿಂದ ಶಸ್ತ್ರವೈದ್ಯನ ಮೇಜಿಗೆ ಬಂದ ಆ ಮಕ್ಕಳು, ಹೀಗೆ, ಸತ್ತ ಮೇಲೂ ಡೇರೆಗೇ ಮರಳಿದಂತಾಯಿತು.

ದ್ವಾಯೆನ್ ನ್ಯಾಯಾಲಯದ ಮೆಟ್ಟಿಲೇರಿದನು; 1905ರಲ್ಲಿ ಪ್ಯಾರಿಸಿನ ನ್ಯಾಯಾಲಯ ಅವನ ಪರವಾಗಿ ತೀರ್ಪಿತ್ತಿತು. ಚಲಚ್ಚಿತ್ರದ ಕರ್ತೃತ್ವ ಯಾರದು, ಯಂತ್ರ ತಿರುಗಿಸಿದವನದೊ ದೃಶ್ಯವನ್ನು ಏರ್ಪಡಿಸಿದವನದೊ ಎಂಬ ಪ್ರಶ್ನೆಯನ್ನು ಎತ್ತಿದ ಆದ್ಯ ಮೊಕದ್ದಮೆಗಳಲ್ಲಿ ಇದೊಂದೆಂದು ಕಾನೂನಿನ ಚರಿತ್ರಕಾರರು ಇದನ್ನು ಗೌರವದಿಂದ ನೆನೆಯುತ್ತಾರೆ. ಶಸ್ತ್ರವೈದ್ಯನ ಹಕ್ಕು, ಛಾಯಾಗ್ರಾಹಕನ ಹಕ್ಕು ಎಂದು ಇಬ್ಬರು ಪಕ್ಷಕಾರರ ನಡುವೆ ನಡೆದ ಆ ವಾದದಲ್ಲಿ, ಯಾರ ದೇಹ ಆ ಸುರುಳಿಯ ತುಂಬ ಇತ್ತೋ ಆ ಮಕ್ಕಳು ಪಕ್ಷಕಾರರಾಗಿರಲಿಲ್ಲ. ಫ್ರಾನ್ಸಿನ ವೈದ್ಯಪಂಡಿತರು ದ್ವಾಯೆನನನ್ನು ಪ್ರದರ್ಶಕನೆಂದು ಹಳಿದುದರಲ್ಲಿ ಅಸೂಯೆಯ ಪಾಲು ಇದ್ದಿರಬಹುದು. ಆದರೆ ಅವರ ಶಂಕೆ ಪೂರ್ತಿ ನಿರಾಧಾರವೆಂದು ನಾನು ಹೇಳಲಾರೆ. ರೋಗಿಯ ಚಿತ್ರ ಒಮ್ಮೆ ಕೋಣೆಯಿಂದ ಹೊರಬಿದ್ದರೆ ಅದು ಯಾರ ಮುಂದೆ ನಿಲ್ಲುತ್ತದೆಂಬುದು ಯಾರ ಕೈಯಲ್ಲೂ ಇಲ್ಲವೆಂಬ ಸತ್ಯ, ಮೊಬೈಲಿನ ಯುಗಕ್ಕೆ ನೂರು ವರ್ಷ ಮುಂಚೆಯೇ ಬಯಲಾಗಿತ್ತು.

ಶಸ್ತ್ರಚಿಕಿತ್ಸೆಯ ಕೋಣೆಯನ್ನು ಮತ್ತೊಂದು ದೃಷ್ಟಿಯಿಂದ ಚಿತ್ರಿಸಿದವರು ಅಮೆರಿಕದ ಗಿಲ್‌ಬ್ರೆತ್ ದಂಪತಿಗಳು. ಕಾರ್ಖಾನೆಗಳಲ್ಲಿ ದುಡಿಯುವವರ ಚಲನೆಗಳನ್ನು ಚಿತ್ರಿಸಿ, ವ್ಯರ್ಥವಾದುದನ್ನು ಕಳೆಯುವ ವಿದ್ಯೆಯನ್ನು ಬೆಳೆಸಿದ ಅವರು, 1910ರ ದಶಕದಲ್ಲಿ ಶಸ್ತ್ರವೈದ್ಯರನ್ನೂ ಅದೇ ಕಣ್ಣಿನಿಂದ ನೋಡಿ, ವೈದ್ಯನು ಉಪಕರಣಗಳನ್ನು ಹುಡುಕುವುದರಲ್ಲೇ ಕಾಲ ಕಳೆಯುತ್ತಾನೆಂದು ತೋರಿಸಿದರು. ಕೈ ಚಾಚಿ ಹೆಸರು ಹೇಳಿದೊಡನೆ ನರ್ಸು ಉಪಕರಣವನ್ನು ಅಂಗೈಗಿಡುವ ಪದ್ಧತಿಗೆ ಈ ಅಧ್ಯಯನ ಬಲ ಕೊಟ್ಟಿತು.

ವೈದ್ಯ ಕಾಲೇಜುಗಳೊಳಕ್ಕೆ ಚಲಚ್ಚಿತ್ರ ನಿಜವಾಗಿ ಕಾಲಿಟ್ಟುದು ಯಾವ ಮಹಾವೈದ್ಯನ ಪ್ರತಿಭೆಯಿಂದಲೂ ಅಲ್ಲ, ಕೊಡಕ್ ಕಂಪನಿಯು 1923ರಲ್ಲಿ ಮಾರುಕಟ್ಟೆಗೆ ತಂದ 16 ಮಿಲಿಮೀಟರ್ ಅಗಲದ, ಸುಲಭವಾಗಿ ಹೊತ್ತಿಕೊಳ್ಳದ ಫಿಲ್ಮಿನಿಂದ. ಇದರ ಯಂತ್ರವನ್ನು ಕೈಯಲ್ಲಿ ಎತ್ತಿಕೊಂಡು ಹೋಗಿ ಪಾಠದ ಕೋಣೆಯಲ್ಲಿಟ್ಟು ತೋರಿಸಬಹುದಾಗಿತ್ತು. 1935ರಲ್ಲಿ ಅದೇ ಅಳತೆಯಲ್ಲಿ ಕೊಡಕ್ರೋಮ್ ಎಂಬ ವರ್ಣದ ಫಿಲ್ಮು ಬಂದಾಗ ರಕ್ತಕ್ಕೆ ಕಡೆಗೂ ಕೆಂಪು ಬಣ್ಣ ಸಿಕ್ಕಿತು. ಅಪಧಮನಿ, ಸಿರೆ, ಪಿತ್ತನಾಳ, ನರಗಳು ಬೇರೆಬೇರೆಯಾಗಿ ಕಂಡುವು. ಷಿಕಾಗೋದ ಪ್ರಸೂತಿತಜ್ಞ ಜೋಸೆಫ್ ಡಿಲೀಯಂಥವರು ಹೆರಿಗೆಯ ವಿಧಾನಗಳನ್ನು ಚಿತ್ರಗಳ ಮೂಲಕ ಕಲಿಸುವುದಕ್ಕೆ ಮುಂದಾದುದು ಈ ಅವಧಿಯಲ್ಲಿಯೇ.

ಈ ಪರಂಪರೆಯಲ್ಲಿ ಶ್ರೇಷ್ಠವಾದುದು ಯಾವುದೆಂದು ಕೇಳಿದರೆ, ನಾನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಆಸ್ಪತ್ರೆಯ ಅರಿವಳಿಕೆ ವಿಭಾಗದಲ್ಲಿ ಎರಡನೆಯ ಮಹಾಯುದ್ಧದ ನಡುವೆ ಸಿದ್ಧವಾದ ಚಿತ್ರಮಾಲೆಯ ಕಡೆಗೆ ಬೆರಳು ತೋರಿಸುತ್ತೇನೆ. ಐ.ಸಿ.ಐ. ಎಂಬ ರಾಸಾಯನಿಕ ಕಂಪನಿಯ ಹಣ, ರಿಯಲಿಸ್ಟ್ ಎಂಬ ಚಿತ್ರತಂಡದ ಕೌಶಲ, ಐವನ್ ಮ್ಯಾಗಿಲ್ ಮೊದಲಾದವರ ಅನುಭವ, ಈ ಮೂರೂ ಕೂಡಿ 1944ರ ಸುಮಾರಿಗೆ ಹನ್ನೊಂದು ಚಿತ್ರಗಳು ತಯಾರಾದುವು. ಮ್ಯಾಗಿಲ್ ಸಾಮಾನ್ಯನಲ್ಲ; ಮೊದಲ ಮಹಾಯುದ್ಧದ ಬಳಿಕ, ಗುಂಡೇಟಿಗೆ ಮುಖವೇ ಛಿದ್ರವಾದ ಸೈನಿಕರಿಗೆ ಸಿಡ್‌ಕಪ್ ಎಂಬಲ್ಲಿ ಶಸ್ತ್ರವೈದ್ಯ ಹೆರಾಲ್ಡ್ ಗಿಲೀಸ್ ಹೊಸ ಮುಖ ಕಟ್ಟುತ್ತಿದ್ದಾಗ, ಮುಖದ ಮೇಲೆ ಈಥರಿನ ಮುಸುಕಿಡಲು ಸ್ಥಳವೇ ಇಲ್ಲದ ಇಕ್ಕಟ್ಟಿನಲ್ಲಿ, ಶ್ವಾಸನಾಳದೊಳಗೆ ಕೊಳವೆಯಿಳಿಸಿ ಅರಿವಳಿಕೆ ಕೊಡುವ ವಿಧಾನವನ್ನು ಪಕ್ವಗೊಳಿಸಿದವರಲ್ಲಿ ಪ್ರಮುಖ. ಅಂಥವನ ವಿದ್ಯೆ ಅದುವರೆಗೆ ಅವನ ಮಗ್ಗುಲಲ್ಲಿ ನಿಂತವರಿಗೆ ಮಾತ್ರ ಲಭ್ಯವಾಗಿದ್ದುದು, ಈಗ ಫಿಲ್ಮಿನ ಡಬ್ಬಿಗಳಲ್ಲಿ ಕಡಲು ದಾಟಬಹುದಾಯಿತು.

ಅರಿವಳಿಕೆಯನ್ನು ಚಿತ್ರಿಸುವುದು ಶಸ್ತ್ರಕ್ರಿಯೆಯನ್ನು ಚಿತ್ರಿಸುವುದಕ್ಕಿಂತ ಕಠಿಣ. ಕತ್ತಿಯಾಡಿದರೆ ಕಣ್ಣಿಗೆ ಏನಾದರೂ ಘಟಿಸುತ್ತದೆ. ಇಲ್ಲಿಯಾದರೋ ಮುಸುಕಿನ ಮೇಲೆ ತೊಟ್ಟು ತೊಟ್ಟಾಗಿ ಈಥರು ಬೀಳುತ್ತದೆ, ದವಡೆಯನ್ನು ಬೆರಳು ಮುಂದಕ್ಕೆ ಎತ್ತಿ ಹಿಡಿಯುತ್ತದೆ, ಎದೆ ಏರುತ್ತದೆ, ಇಳಿಯುತ್ತದೆ, ಕಣ್ಣಿನ ಪಾಪೆ ಕೂದಲೆಳೆಯಷ್ಟು ಬದಲಾಗುತ್ತದೆ. ನೋಡುವವನಿಗೆ ಏನೂ ನಡೆಯುತ್ತಿಲ್ಲವೆಂದು ತೋರುವ ಆ ಹೊತ್ತಿನಲ್ಲಿಯೇ ಎಲ್ಲವೂ ನಡೆಯುತ್ತಿರುವುದರಿಂದ, ಎಲ್ಲಿ ನೋಡಬೇಕೆಂಬುದನ್ನೇ ಕಲಿಸಬೇಕು. ಆ ಚಿತ್ರಮಾಲೆಯ ಒಂದು ಭಾಗ ಅರಿವಳಿಕೆಯ ಲಕ್ಷಣಗಳಿಗೂ ಹಂತಗಳಿಗೂ ಮೀಸಲಾಯಿತು. ಇನ್ನೊಂದು, ರೋಗಿಯನ್ನು ಎತ್ತಿ ಇಳಿಸಿ ಆರೈಕೆ ಮಾಡುವ ಬಗೆಗೆ. ಮತ್ತೊಂದು, ಉಸಿರೂ ಹೃದಯವೂ ನಿಂತಾಗ ಮಾಡಬೇಕಾದುದಕ್ಕೆ. ತಮ್ಮ ಕಸಬಿನ ಚಮತ್ಕಾರವನ್ನಷ್ಟೇ ತೋರಿಸದೆ, ಅದರ ವಿಪತ್ತನ್ನೂ, ಯಾರೂ ಚಪ್ಪಾಳೆ ತಟ್ಟದ ಶುಶ್ರೂಷೆಯನ್ನೂ ಬೋಧನೆಗೆ ಅರ್ಹವೆಂದು ಎಣಿಸಿದ ಆ ವೈದ್ಯರ ವಿವೇಕವನ್ನು ದ್ವಾಯೆನನ ಪಕ್ಕದಲ್ಲಿಟ್ಟು ನೋಡಿದರೆ, ನಾಲ್ಕು ದಶಕಗಳಲ್ಲಿ ಎಷ್ಟು ದೂರ ಬಂದಂತಾಯಿತೆಂಬುದು ಗೋಚರಿಸುತ್ತದೆ.

ಯುದ್ಧ ಮುಗಿದ ಮೇಲೆ ದೂರದರ್ಶನ ಬಂದಿತು. 1949ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ನೆರೆದ ಅಮೆರಿಕದ ವೈದ್ಯರಿಗೆ, ಒಂದು ಔಷಧ ಕಂಪನಿಯ ವೆಚ್ಚದಲ್ಲಿ, ಶಸ್ತ್ರಕ್ರಿಯೆಗಳನ್ನು ವರ್ಣದ ದೂರದರ್ಶನದಲ್ಲಿ ತೋರಿಸಿದರು. ಆಮೇಲೆ ವಿಡಿಯೊ ಕ್ಯಾಸೆಟ್ಟು ಬಂದು, ಕೋಣೆ ಕತ್ತಲೆ ಮಾಡುವ ತೊಂದರೆಯೂ ತಪ್ಪಿತು. ಯಂತ್ರಗಳ ಈ ವಂಶಾವಳಿಯನ್ನು ಇನ್ನೂ ಲಂಬಿಸುವುದರಲ್ಲಿ ಸ್ವಾರಸ್ಯವಿಲ್ಲ.

ಇಷ್ಟಾಗಿ, ಇವೆಲ್ಲವೂ ಕಣ್ಣಿನ ಏರ್ಪಾಡುಗಳು. ಕೈಯ ಪ್ರಶ್ನೆ ಹಾಗೆಯೇ ಉಳಿದಿತ್ತು. ಆ ಪ್ರಶ್ನೆಯನ್ನು ಬಹಳ ಹಿಂದೆಯೇ ನೇರವಾಗಿ ಎತ್ತಿದ ಗ್ರಂಥ ಸುಶ್ರುತಸಂಹಿತೆ. ಅದರ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯಕ್ಕೆ ಯೋಗ್ಯಾಸೂತ್ರೀಯವೆಂದು ಹೆಸರು; ಶಾಸ್ತ್ರವನ್ನು ಎಷ್ಟೇ ಕೇಳಿ ತಿಳಿದವನಾದರೂ ಅಭ್ಯಾಸವಿಲ್ಲದವನು ಕರ್ಮಕ್ಕೆ ಅನರ್ಹನೆಂಬುದು ಅಲ್ಲಿನ ನಿಲುವು. ಛೇದನಕ್ಕೆ ಬೂದುಗುಂಬಳ, ಸೋರೆ, ಕಲ್ಲಂಗಡಿ, ಸೌತೆಗಳು. ಭೇದನಕ್ಕೆ ನೀರೋ ಕೆಸರೋ ತುಂಬಿದ ತೊಗಲಿನ ಚೀಲ. ಕೆರೆಯುವುದಕ್ಕೆ ಕೂದಲಿರುವ, ಬಿಗಿದು ಹಿಡಿದ ಚರ್ಮ. ಸಿರಾವೇಧಕ್ಕೆ ಸತ್ತ ಪ್ರಾಣಿಯ ಸಿರೆ, ತಾವರೆಯ ದಂಟು. ಒಳಗಿನದನ್ನು ಹೊರಕ್ಕೆ ತೆಗೆಯುವುದಕ್ಕೆ ಹಲಸು, ಬಿಲ್ವ, ತೊಂಡೆಗಳ ತಿರುಳು ಮತ್ತು ಸತ್ತ ಪ್ರಾಣಿಯ ಹಲ್ಲು. ಸ್ರಾವಕ್ಕೆ ಜೇನುಮೇಣ ಬಳಿದ ಬೂರುಗದ ಹಲಗೆ. ಹೊಲಿಗೆಗೆ ತೆಳುವಾದ ಮತ್ತು ದಪ್ಪವಾದ ಬಟ್ಟೆ. ಕಟ್ಟು ಕಟ್ಟುವುದಕ್ಕೆ ಮನುಷ್ಯಾಕೃತಿಯ ಬೊಂಬೆ. ಯಾವ ಕ್ರಿಯೆಗೆ ಯಾವ ವಸ್ತುವಿನ ಪ್ರತಿರೋಧ ಕೈಗೆ ಸಮನಾಗಿ ತೋರುತ್ತದೆಂದು ಪರೀಕ್ಷಿಸಿ ನೋಡದವನು ಈ ಪಟ್ಟಿಯನ್ನು ಬರೆಯಲಾರ. ಇಲ್ಲಿ ಒಂದೊಂದು ಕಾಯಿಯನ್ನೂ ಆರಿಸಿರುವುದು ಬೆರಳು. ಫ್ರಾನ್ಸಿನ ಸೂಲಗಿತ್ತಿ ಆಂಜೆಲಿಕ್ ದು ಕುದ್ರೇ 1759ರಲ್ಲಿ ದೊರೆ ಹದಿನೈದನೆಯ ಲೂಯಿಯ ಅನುಮತಿ ಪಡೆದು, ಬಟ್ಟೆ ತೊಗಲುಗಳಿಂದ ತಾನು ರಚಿಸಿದ ಹೆರಿಗೆಯ ಬೊಂಬೆಯೊಡನೆ ದೇಶವನ್ನೆಲ್ಲ ಸುತ್ತಿ, ಓದು ಬರದ ಹಳ್ಳಿಯ ಹೆಂಗಸರಿಗೆ ಹೆರಿಗೆ ಮಾಡಿಸುವುದನ್ನು ಕಲಿಸಿದಳು. ಆ ಬೊಂಬೆಗಳಲ್ಲೊಂದು ರುವಾನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಸುಶ್ರುತನ ಹೆಸರನ್ನು ಆಕೆ ಕೇಳಿದ್ದಳೆಂದು ಊಹಿಸುವುದಕ್ಕೆ ಕಾರಣವಿಲ್ಲ. ಕೈಗೆ ಬುದ್ಧಿ ಕಲಿಸಹೊರಟವರು ಎಲ್ಲಿಯೇ ಆಗಲಿ ಬೊಂಬೆಯ ಬಳಿಗೆ ಬಂದು ನಿಲ್ಲುತ್ತಾರೆ.

ಕಣ್ಣಿಗೂ ಕೈಗೂ ಇರುವ ಈ ಅಂತರ ಎಷ್ಟು ಅಪಾಯಕರವಾಗಬಲ್ಲುದೆಂಬುದನ್ನು ಪಿತ್ತಕೋಶದ ಚರಿತ್ರೆ ತೋರಿಸಿಕೊಟ್ಟಿತು. ಹೊಟ್ಟೆಯನ್ನು ಅಗಲವಾಗಿ ಸೀಳದೆ, ಸಣ್ಣ ರಂಧ್ರಗಳಿಂದ ಉದರದರ್ಶಕವನ್ನೂ ಉಪಕರಣಗಳನ್ನೂ ಒಳಗಿಳಿಸಿ ಪಿತ್ತಕೋಶವನ್ನು ತೆಗೆಯುವ ಕ್ರಿಯೆಯನ್ನು ಜರ್ಮನಿಯ ಎರಿಕ್ ಮ್ಯೂಹೆ 1985ರಲ್ಲಿ ಮಾಡಿ, ಸ್ವದೇಶದ ಪಂಡಿತರಿಂದ ತಿರಸ್ಕೃತನಾದನು; 1987ರಲ್ಲಿ ಲಿಯೋನ್ ನಗರದ ಫಿಲಿಪ್ ಮೂರೆ ಅದನ್ನು ಕೈಗೊಂಡನು. ಅಷ್ಟರಲ್ಲಿ ಉದರದರ್ಶಕಕ್ಕೆ ಪುಟ್ಟ ಕ್ಯಾಮೆರಾ ಜೋಡಿಸುವುದು ಸಾಧ್ಯವಾಗಿತ್ತು. ಮೊದಲು ಒಬ್ಬನೇ ಒಂದೇ ಕಣ್ಣಿನಿಂದ ಇಣುಕಿ ನೋಡಬೇಕಾಗಿದ್ದ ಆ ಒಳಜಗತ್ತು ದೂರದರ್ಶನದ ಪರದೆಯ ಮೇಲೆ ಬಿದ್ದು, ಶಸ್ತ್ರವೈದ್ಯನಿಗೆ ಕಂಡುದೇ ನರ್ಸಿಗೂ, ಮೂಲೆಯಲ್ಲಿ ನಿಂತ ವಿದ್ಯಾರ್ಥಿಗೂ ಕಾಣಿಸಿತು. ಹೆಗಲು ಅಡ್ಡ ಬರುವ ಪ್ರಶ್ನೆಯೇ ಇಲ್ಲವಾಯಿತು, ಏಕೆಂದರೆ ಶಸ್ತ್ರವೈದ್ಯನೂ ಗಾಯವನ್ನು ಬಿಟ್ಟು ಪರದೆಯನ್ನೇ ನೋಡುತ್ತಿದ್ದನು. ಇದನ್ನು ಮುದ್ರಿಸಿಕೊಳ್ಳಲು ಬೇರೆ ಛಾಯಾಗ್ರಾಹಕನೂ ಬೇಡ. ಬೋರ್ದೋ ನಗರದ ಜಾಕ್ ಪೆರಿಸ್ಸಾ 1989ರಲ್ಲಿ ಅಮೆರಿಕದ ಲೂಯಿವಿಲ್ಲಿನಲ್ಲಿ ನಡೆದ ಶಸ್ತ್ರವೈದ್ಯರ ಸಮ್ಮೇಳನಕ್ಕೆ ತನ್ನ ವಿಡಿಯೊವನ್ನು ಒಯ್ದು ತೋರಿಸಿದಾಗ, ಅದರ ಮುಂದೆ ಜನ ನೆರೆದರು; ಆ ಬಳಿಕ ಈ ಕ್ರಿಯೆ ಹಬ್ಬಿದ ವೇಗವನ್ನು ಯಾವ ಪಠ್ಯಪುಸ್ತಕವೂ ಸಾಧಿಸಲಾರದು. ಮರುವರ್ಷ, 1990ರಲ್ಲಿ, ಮುಂಬಯಿಯ ತೆಹೆಮ್ಟನ್ ಉದ್ವಾಡಿಯಾ ಅವರು ಅದನ್ನು ಭಾರತದಲ್ಲಿ ಆರಂಭಿಸಿದರು.

ನೋಡಿದುದು ಸುಲಭವಾಗಿ ತೋರಿತು. ಸುಲಭವಾಗಿ ತೋರಿದುದನ್ನು ಜನ ಬೇಗ ಕೈಗೆತ್ತಿಕೊಂಡರು. ವಿಡಿಯೊಗಳನ್ನು ಕಂಡು, ವಾರದ ಕೊನೆಯ ತರಬೇತಿಗಳಲ್ಲಿ ಹಂದಿಗಳ ಮೇಲೆ ಕೆಲವು ಸಲ ಕೈಯಾಡಿಸಿ, ಅನೇಕರು ನೇರವಾಗಿ ರೋಗಿಗಳ ಕಡೆಗೆ ತಿರುಗಿದಾಗ, ಪಿತ್ತಕೋಶದ ಸಣ್ಣ ನಾಳವೆಂದು ಮುಖ್ಯ ಪಿತ್ತನಾಳವನ್ನೇ ಕತ್ತರಿಸಿಬಿಡುವ ಭಯಂಕರ ಪ್ರಮಾದಗಳು ತೆರೆದ ಶಸ್ತ್ರಕ್ರಿಯೆಯ ಕಾಲಕ್ಕಿಂತ ಹೆಚ್ಚಾದುವು. ಪರದೆಯ ಚಿತ್ರ ಚಪ್ಪಟೆ, ಅದರಲ್ಲಿ ಆಳವಿಲ್ಲ, ಉದ್ದನೆಯ ಸಲಾಕೆಯ ತುದಿಯಿಂದ ಮುಟ್ಟಿದಾಗ ಅಂಗಾಂಶದ ಮೃದುತ್ವ ಬೆರಳಿಗೆ ತಿಳಿಯದು, ಮತ್ತು ಸಭೆಗಳಲ್ಲಿ ತೋರಿಸಲು ಆರಿಸಿದ ಚಿತ್ರಗಳಲ್ಲಿ ಪಿತ್ತಕೋಶವು ಸಾಮಾನ್ಯವಾಗಿ ಸಾಧುವಾಗಿಯೇ ಇರುತ್ತಿತ್ತು, ಉರಿಯೂತದಿಂದ ಊದಿ ಸುತ್ತಣದೆಲ್ಲಕ್ಕೂ ಅಂಟಿಕೊಂಡ ಪಿತ್ತಕೋಶವನ್ನು ಯಾರೂ ಮೆರವಣಿಗೆ ಮಾಡುತ್ತಿರಲಿಲ್ಲ. 1992ರಲ್ಲಿ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆ, ಅನುಭವಿಗಳ ಕಣ್ಣೆದುರು ನಿಗದಿತ ಸಂಖ್ಯೆಯಷ್ಟು ಸಲ ಮಾಡಿ ತೋರಿಸಿದವರಿಗಲ್ಲದೆ ಇತರರಿಗೆ ಈ ಕ್ರಿಯೆಯ ಅಧಿಕಾರ ಕೊಡಬಾರದೆಂದು ಆಸ್ಪತ್ರೆಗಳಿಗೆ ತಿಳಿಸಬೇಕಾಯಿತು.

ಆ ಪಾಠದಿಂದ ಕಲಿತವರೂ ಉಂಟು. ಬ್ರಿಟನ್ನಿನ ಶಸ್ತ್ರವೈದ್ಯ ರಾಡ್ನಿ ಪೇಟನ್ 1998ರಲ್ಲಿ ರೂಪಿಸಿದ ನಾಲ್ಕು ಹಂತಗಳ ಬೋಧನಾಕ್ರಮದಲ್ಲಿ, ಮೊದಲು ಗುರು ಮಾತಿಲ್ಲದೆ ಸಹಜವೇಗದಲ್ಲಿ ಮಾಡಿ ತೋರಿಸುತ್ತಾನೆ. ಎರಡನೆಯ ಸಲ ಬಿಡಿಸಿ ಬಿಡಿಸಿ ವಿವರಿಸುತ್ತಾನೆ. ಮೂರನೆಯ ಸಲ ಶಿಷ್ಯನು ಹೇಳುತ್ತಾನೆ, ಗುರು ಮಾಡುತ್ತಾನೆ. ನಾಲ್ಕನೆಯ ಸಲ ಶಿಷ್ಯನು ಹೇಳುತ್ತ ತಾನೇ ಮಾಡುತ್ತಾನೆ. ಮೊದಲೆರಡು ಹಂತಗಳನ್ನು ವಿಡಿಯೊಗೆ ಒಪ್ಪಿಸಿಬಿಡಬಹುದು, ಅದರಿಂದ ಬೇಸರಗೊಳ್ಳದ ಗುರುವೊಬ್ಬ ಸಿಕ್ಕಂತೆಯೂ ಆಯಿತು; ಮೂರನೆಯದರಿಂದ ಮುಂದೆ ಎದುರಿಗೆ ಮನುಷ್ಯನೇ ಬೇಕು, ಏಕೆಂದರೆ ಶಿಷ್ಯನು ತಪ್ಪು ಹೇಳಿದಾಗ ವಿಡಿಯೊ ಹುಬ್ಬೇರಿಸುವುದಿಲ್ಲ. 2006ರಲ್ಲಿ ನ್ಯೂ ಇಂಗ್ಲೆಂಡ್ ವೈದ್ಯಪತ್ರಿಕೆಯು ಬೆನ್ನಿನಿಂದ ಮಿದುಳುಬಳ್ಳಿಯ ದ್ರವ ತೆಗೆಯುವುದು, ಅಪಧಮನಿಗೆ ನಳಿಕೆ ಹಾಕುವುದು ಮೊದಲಾದ ಕ್ರಿಯೆಗಳ ವಿಡಿಯೊಗಳನ್ನು ಪ್ರಕಟಿಸತೊಡಗಿದಾಗ, ಲೇಖನಗಳಿಗೆ ಸಲ್ಲುತ್ತಿದ್ದ ವಿಮರ್ಶೆಯ ಮರ್ಯಾದೆ ಚಿತ್ರಕ್ಕೂ ಸಂದಿತು. ಅಂತರ್ಜಾಲಕ್ಕೆ ಯಾರು ಬೇಕಾದರೂ ಏರಿಸಿದ ಚಿತ್ರಗಳ ನಡುವೆ ವಿದ್ಯಾರ್ಥಿಗೆ ಒಂದು ಆಧಾರವಾದರೂ ದೊರಕಿತು. 2020ರಲ್ಲಿ ಕೊರೋನಾ ಹರಡಿ ವಾರ್ಡುಗಳ ಬಾಗಿಲು ಮುಚ್ಚಿದ ತಿಂಗಳುಗಳಲ್ಲಿ ಇಂಥ ಚಿತ್ರಗಳೇ ಎಷ್ಟೋ ಕಾಲೇಜುಗಳ ಪಾಠವಾದುವು.

ನಮ್ಮಲ್ಲಿ 2019ರಿಂದ ಎಂ.ಬಿ.ಬಿ.ಎಸ್. ಪಠ್ಯಕ್ರಮ ಬದಲಾಗಿ, ಕಾಲೇಜಿಗೊಂದು ಸ್ಕಿಲ್ ಲ್ಯಾಬ್ ಕಡ್ಡಾಯವಾಗಿದೆ; ಮೈಸೂರಾಗಲಿ, ಹುಬ್ಬಳ್ಳಿಯಾಗಲಿ, ಮಣಿಪಾಲವಾಗಲಿ, ಪ್ಲಾಸ್ಟಿಕ್ಕಿನ ತೋಳಿನಲ್ಲಿ ಸಿರೆ ಹುಡುಕಿ, ರಬ್ಬರಿನ ಚರ್ಮಕ್ಕೆ ಹೊಲಿಗೆ ಹಾಕಿ ಅಭ್ಯಾಸ ಮಾಡಿದ ಮೇಲೆ ಹುಡುಗರು ರೋಗಿಯ ಬಳಿಗೆ ಬರಬೇಕೆಂಬುದು ಅದರ ಆಶಯ. ತೋರಿಸುವುದು, ಗಮನಿಸುವುದು, ನೆರವಾಗುವುದು, ತಾನೇ ಮಾಡುವುದು ಎಂಬ ನಾಲ್ಕು ಮಜಲುಗಳನ್ನು ಆ ಪಠ್ಯಕ್ರಮವೇ ಹೆಸರಿಸಿದೆ. ವಿಡಿಯೊಗೆ ಅವುಗಳಲ್ಲಿ ಮೊದಲೆರಡರವರೆಗೆ ಪ್ರವೇಶವುಂಟು. ಇಂತಿಂಥ ಕ್ರಿಯೆಯನ್ನು ವಿದ್ಯಾರ್ಥಿಯು ಸ್ವತಃ ಇಂತಿಷ್ಟು ಸಲ ಮಾಡಿದರೆ ಪ್ರಮಾಣೀಕರಿಸತಕ್ಕದ್ದೆಂದು ಸಂಖ್ಯೆಯನ್ನು ಗೊತ್ತುಮಾಡಿದ್ದಾರೆ. ಅಧ್ಯಾಪಕರು ಲಾಗ್‌ಬುಕ್ಕಿನಲ್ಲಿ ರುಜು ಹಾಕುವುದು ಆ ಲೆಕ್ಕದ ಎದುರಿಗೆ.